ಹೊಟ್ಟೆಗೆ ಹಾಕಿಕೊಂಡೇ ಇಳಿಸಿದ ತೂಕ

ತೂಕ ಇಳಿಸಲು ಹೊರಟವರಿಗೆ ನಮ್ಮ ಕರಾವಳಿಯಲ್ಲಿ ಸಿಗುವ ಮೊದಲ ಸಲಹೆ ‘ಅನ್ನ ಬಿಡು’ ಎಂಬುದು. ಎರಡನೆಯದು ‘ತೆಂಗಿನಕಾಯಿ ಬಿಡು’. ಎರಡನ್ನೂ ಬಿಟ್ಟ ಮೇಲೆ ಕಾರವಾರದ ಅಡುಗೆಮನೆಯಲ್ಲಿ ಉಳಿಯುವುದು ಉಪ್ಪು, ಹುಳಿ ಮತ್ತು ಅತ್ತೆಯವರ ಅಸಮಾಧಾನ ಮಾತ್ರ. ಆದರೂ ಜನ ಬಿಡುತ್ತಾರೆ. ಕೆಲವು ತಿಂಗಳು ನಾನೂ ಬಿಟ್ಟಿದ್ದೆ. ಕೊನೆಗೆ ತೂಕ ಇಳಿದದ್ದು ಎರಡನ್ನೂ ಮತ್ತೆ ತಟ್ಟೆಗೆ ತಂದುಕೊಂಡ ಮೇಲೆ. ಹೇಗೆ ಎಂದು ಕೇಳುವವರಿಗೆ ದಾರಿಯಲ್ಲಿ ನಿಂತು ಹೇಳಿ ಮುಗಿಯುವ ವಿಷಯವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಎತ್ತರ 158 ಸೆಂಟಿಮೀಟರ್. ಶುರುವಿನಲ್ಲಿ ತೂಕ 74 ಕಿಲೋ, ವಯಸ್ಸು 41. ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕುರ್ಚಿ ಬಿಟ್ಟು ಏಳುವುದು ಚಹಾಕ್ಕೆ ಮಾತ್ರ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.9 ಬಂತು. 5.7ರಿಂದ 6.4ರವರೆಗೆ ಬಂದರೆ ಮಧುಮೇಹದ ಹೊಸ್ತಿಲು. ಭಾರತೀಯರಿಗೆ ದೇಹತೂಕ ಸೂಚ್ಯಂಕ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ವೈದ್ಯರು ಪರಿಗಣಿಸುತ್ತಾರೆ. ನನ್ನದು 29ರ ಮೇಲಿತ್ತು. ಆದ್ದರಿಂದ ಇಳಿಸಬೇಕು ಎಂಬುದರಲ್ಲಿ ತಕರಾರು ಇರಲಿಲ್ಲ.

ತಕರಾರು ಇದ್ದದ್ದು ಚಾರ್ಟಿನಲ್ಲಿ. ಸೇರಿದ ಜಿಮ್ಮಿನಲ್ಲಿ ಎಲ್ಲ ಹೆಂಗಸರಿಗೂ ಒಂದೇ ಜೆರಾಕ್ಸ್ ಹಾಳೆ ಕೊಟ್ಟರು: ದಿನಕ್ಕೆ 1,200 ಕ್ಯಾಲೊರಿ. ಐವತ್ತು ಕಿಲೋ ತೂಗುವ ಕಾಲೇಜು ಹುಡುಗಿಗೂ ಅದೇ, ನನಗೂ ಅದೇ. ಜೊತೆಗೆ ವಾರದಲ್ಲಿ ಮೂರು ದಿನ ಭಾರ ಎತ್ತುವುದು, ಉಳಿದ ದಿನ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಒಂದು ಗಂಟೆ ನಡಿಗೆ. ಮೊದಮೊದಲು ತೂಕ ಸರಸರನೆ ಇಳಿಯಿತು. 69ಕ್ಕೆ ಬಂದು ನಿಂತಿತು. ನಿಂತದ್ದು ನಿಂತೇ ಇತ್ತು.

ಅಷ್ಟರಲ್ಲಿ ಬೇರೆ ಏನೇನೋ ಶುರುವಾಯಿತು. ಏಪ್ರಿಲ್‌ನ ಕಾರವಾರದಲ್ಲಿ, ಬೆವರು ಒರೆಸಿಕೊಳ್ಳುವುದರಲ್ಲೇ ಹೊತ್ತು ಹೋಗುವ ಊರಿನಲ್ಲಿ, ನನಗೆ ಕಚೇರಿಯ ಫ್ಯಾನಿನ ಗಾಳಿಗೆ ಚಳಿಯಾಗುತ್ತಿತ್ತು. ಬಾಚಣಿಗೆ ತುಂಬ ಕೂದಲು. ರಾತ್ರಿ ಮೂರಕ್ಕೆ ಎಚ್ಚರ. ಮುಟ್ಟು ಎರಡು ತಿಂಗಳು ತಪ್ಪಿತು. ಮಗ ಗಣಿತದ ಪುಸ್ತಕ ಹಿಡಿದು ಹತ್ತಿರ ಬಂದರೆ ಸಾಕು, ಹೊಡೆಯುವಷ್ಟು ಸಿಟ್ಟು. ಅದೇ ದಿನಗಳಲ್ಲಿ ಸಂಘಕ್ಕೆ ಬರುವ ಸದಸ್ಯರೆಲ್ಲ ‘ಎಷ್ಟು ಚೆನ್ನಾಗಿ ಸಣ್ಣಗಾಗಿದ್ದೀರಿ ಮೇಡಂ’ ಎಂದು ಹೊಗಳುತ್ತಿದ್ದರು. ಹೆಂಗಸು ಬಡಕಲಾದಷ್ಟೂ ಮೆಚ್ಚುವ ಈ ಅಭ್ಯಾಸವನ್ನು ನಾವು ಯಾವಾಗ ಕಲಿತೆವೋ ಗೊತ್ತಿಲ್ಲ. ನನ್ನ ಅಜ್ಜಿಯ ಕಾಲದಲ್ಲಂತೂ ಹಾಗೆ ಕಂಡವಳನ್ನು ಕೂರಿಸಿ ಗಂಜಿ ಕುಡಿಸುತ್ತಿದ್ದರು.

ವೈದ್ಯರು ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿಯಾಗಿತ್ತು, ಹಿಮೋಗ್ಲೋಬಿನ್ 10.6ಕ್ಕೆ ಇಳಿದಿತ್ತು. ತೀರಾ ವೇಗವಾಗಿ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವೂ ಇದೆ ಎಂದು ಎಚ್ಚರಿಸಿ, ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಆಹಾರ ತಜ್ಞೆಯ ಬಳಿಗೆ ಕಳಿಸಿದರು. ಆಕೆ ಅಂಕೋಲೆಯ ಕಡೆಯವರು, ನನಗಿಂತ ಚಿಕ್ಕವರು, ಮಾತು ಕಡಿಮೆ. ನನ್ನ ಚಾರ್ಟನ್ನು ನೋಡಿ, ಅದರ ಹಿಂಬದಿಯ ಖಾಲಿ ಜಾಗದಲ್ಲೇ ಲೆಕ್ಕ ಹಾಕಿದರು. ತೂಕವನ್ನು ಹತ್ತರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದು ಪಟ್ಟು ಕಳೆದು, ಹೆಂಗಸರಿಗೆಂದು ಮತ್ತೆ 161 ಕಳೆದರೆ ಉಳಿಯುವುದು ಸುಮಾರು 1,310. 1990ರಲ್ಲಿ ಪ್ರಕಟವಾದ ಮಿಫ್ಲಿನ್ ಸೂತ್ರವಂತೆ.

“ಇದು ಏನೂ ಮಾಡದೆ ಮಲಗಿದ್ದರೂ ನಿಮ್ಮ ಹೃದಯ, ಮಿದುಳು, ಯಕೃತ್ತು ಖರ್ಚು ಮಾಡುವ ಕ್ಯಾಲೊರಿ. ನೀವು ಅದಕ್ಕಿಂತಲೂ ಕಡಿಮೆ ತಿಂದು, ಮೇಲೆ ಭಾರ ಬೇರೆ ಎತ್ತುತ್ತಿದ್ದೀರಿ” ಎಂದರು.

ನಡಿಗೆ, ವ್ಯಾಯಾಮ, ಮನೆಗೆಲಸ ಎಲ್ಲ ಸೇರಿದರೆ ನನ್ನ ದಿನದ ಖರ್ಚು 1,950ರ ಹತ್ತಿರ. ಅದರಲ್ಲಿ 350 ಕಡಿಮೆ ಮಾಡಿ 1,600 ತಿನ್ನಿ ಎಂಬುದು ಅವರ ಸಲಹೆ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 350ರ ಕೊರತೆ ಎಂದರೆ ತಿಂಗಳಿಗೆ ಹೆಚ್ಚೆಂದರೆ 1.4 ಕಿಲೋ. ಹೆಚ್ಚು ತಿನ್ನಿ ಎಂಬ ಮಾತಿಗೆ ಸಂತೋಷವಾಗಬೇಕಿತ್ತು. ಆದದ್ದು ಭಯ. ನಾನೂರು ಕ್ಯಾಲೊರಿ ಹೆಚ್ಚಿಗೆ ತಿಂದರೆ ಇಳಿದದ್ದೆಲ್ಲ ವಾಪಸು ಬರುವುದಿಲ್ಲವೇ?

ಇದಕ್ಕೆ ಆಕೆ ಉತ್ತರ ಕೊಡಲಿಲ್ಲ. ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆದು ತನ್ನಿ, ಭಾನುವಾರವನ್ನೂ ಸೇರಿಸಿ ಎಂದರು. ಬರೆಯುವುದು ನನ್ನ ವೃತ್ತಿ, ಬರೆದೆ. ಆರು ದಿನ 1,200. ಏಳನೆಯ ದಿನ ರವೆ ಹಚ್ಚಿ ಹುರಿದ ಬಂಗಡೆ, ಕಾಯಿ ಅರೆದು ಮಾಡಿದ ಮೀನುಸಾರು ಹುಮ್ಮಣ, ಎರಡೆರಡು ಸಲ ಅನ್ನ, ಸಂಜೆ ಬನ್ಸ್, ರಾತ್ರಿ ಐಸ್‌ಕ್ರೀಮು. ಮಧ್ಯೆ ದಿನವೂ ರಾತ್ರಿ ಹತ್ತರ ನಂತರ ಫ್ರಿಜ್ ತೆರೆದು ನಿಂತು ತಿಂದ ಬೆಲ್ಲದ ಚೂರು, ಗೋಡಂಬಿ, ಮಗ ಬಿಟ್ಟ ಚಪಾತಿಯ ತುಂಡು. ಕೂಡಿಸಿ ಏಳರಿಂದ ಭಾಗಿಸಿದರೆ ದಿನದ ಸರಾಸರಿ 1,600ರ ಆಸುಪಾಸಿಗೇ ಬಂತು. ಅಂದರೆ ನಾನು ಆರು ದಿನ ಹಸಿದು ಒಂದು ದಿನ ಸೂರೆ ಮಾಡಿ, ಕೊನೆಗೆ ಅವರು ಹೇಳಿದ ಅಂಕಿಯನ್ನೇ ಮುಟ್ಟುತ್ತಿದ್ದೆ. ಸುಖ ಮಾತ್ರ ಒಂದು ದಿನದ್ದೂ ಇರಲಿಲ್ಲ.

‘ಕಡಿಮೆ ತಿಂದರೆ ದೇಹ ಕೊಬ್ಬನ್ನು ಹೆಚ್ಚಿಸಿಕೊಳ್ಳುತ್ತದೆ’ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ, ಇಲ್ಲದ್ದನ್ನು ಯಾವ ದೇಹವೂ ಕೂಡಿಡಲಾರದು. ಆಗುವುದು ಬೇರೆ. ಹಸಿದ ದೇಹ ಖರ್ಚು ಕಡಿಮೆ ಮಾಡುತ್ತದೆ, ಅದೂ ನಮಗೆ ಹೇಳದೆ. ನಾನು ಮೆಟ್ಟಿಲು ಹತ್ತುವುದನ್ನು ನಿಲ್ಲಿಸಿದ್ದೆ, ಫೈಲು ತರಲು ಜವಾನನನ್ನು ಕರೆಯುತ್ತಿದ್ದೆ, ಒಗೆದ ಬಟ್ಟೆಯನ್ನು ಮಗನ ಕೈಯಲ್ಲಿ ಹರವಿಸುತ್ತಿದ್ದೆ. ಬೆಳಗಿನ ಒಂದು ಗಂಟೆಯ ನಡಿಗೆಯನ್ನು ಉಳಿದ ಹದಿನೈದು ಗಂಟೆಯ ಆಲಸ್ಯ ನುಂಗುತ್ತಿತ್ತು. ಜೊತೆಗೆ ಇಂಥ ಒತ್ತಡದಲ್ಲಿ ದೇಹ ನೀರು ಹಿಡಿದುಕೊಳ್ಳುವುದರಿಂದ ಕರಗಿದ ಅಷ್ಟಿಷ್ಟು ಕೊಬ್ಬೂ ತಕ್ಕಡಿಯಲ್ಲಿ ಕಾಣುವುದಿಲ್ಲ.

ಆ ದಿನಗಳಲ್ಲೇ ಅಮೆರಿಕದ ಮಿನ್ನೆಸೋಟದಲ್ಲಿ 1944–45ರಲ್ಲಿ ನಡೆದ ಹಸಿವಿನ ಪ್ರಯೋಗದ ಬಗ್ಗೆ ಓದಿದೆ. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ತರುಣರಿಗೆ ಆರು ತಿಂಗಳು ದಿನಕ್ಕೆ ಸುಮಾರು 1,570 ಕ್ಯಾಲೊರಿ ಕೊಟ್ಟು, ವಾರಕ್ಕೆ 35 ಕಿಲೋಮೀಟರ್ ನಡೆಸಿದರು. ಯುದ್ಧದಲ್ಲಿ ಹಸಿದ ಜನರನ್ನು ಮತ್ತೆ ಉಣಿಸಿ ಮೇಲೆತ್ತುವುದು ಹೇಗೆಂದು ತಿಳಿಯಲು ಮಾಡಿದ ಪ್ರಯೋಗ ಅದು. ತರುಣರಿಗೆ ಚಳಿ, ಸಿಡುಕು, ಮಂಕು. ಕೆಲವರು ಎಂದೂ ಅಡುಗೆ ಮಾಡದವರು, ಅಡುಗೆ ಪುಸ್ತಕ ಕೂಡಿಡತೊಡಗಿದರಂತೆ. ಇದನ್ನು ಓದಿ ಮೊಬೈಲ್ ಕೆಳಗಿಟ್ಟೆ. ಏಕೆಂದರೆ ಅದಕ್ಕೆ ಮೊದಲು ಅದೇ ಮೊಬೈಲ್‌ನಲ್ಲಿ ನಾನು ನೋಡುತ್ತಿದ್ದುದು ಯಾರೋ ಇಸ್ವಾಣ ಮೀನು ಹುರಿಯುವ ವೀಡಿಯೋ. ಪ್ರತಿ ರಾತ್ರಿ ಅಂಥವನ್ನೇ ನೋಡುತ್ತಿದ್ದೆ.

ಹೆಚ್ಚಿಸುವುದನ್ನು ಒಮ್ಮೆಲೇ ಮಾಡಲಿಲ್ಲ. ವಾರಕ್ಕೆ ನೂರು, ನೂರೈವತ್ತರಂತೆ ಏರಿಸುತ್ತ ಹೋದೆವು. ಮೊದಲು ಸೇರಿದ್ದು ನಡಿಗೆಗೆ ಮುಂಚೆ ಒಂದು ಬಾಳೆಹಣ್ಣು. ಆಮೇಲೆ ತಿಂಡಿಗೆ ಎರಡು ಮೊಟ್ಟೆ. ‘ತೂಕ ಇಳಿಸುತ್ತೇನೆಂದು ಎರಡೆರಡು ಮೊಟ್ಟೆ ತಿನ್ನುವವಳನ್ನು ನಾನು ಕಂಡಿರಲಿಲ್ಲ’ ಎಂದು ಅತ್ತೆ ಕುಟುಕಿದರು. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಅನ್ನ ಮರಳಿತು, ಅರವತ್ತು ಗ್ರಾಂ ಅಕ್ಕಿಯದ್ದು. ಅಕ್ಕಿಯನ್ನು ಬೇಯಿಸುವ ಮೊದಲೇ ತೂಗಬೇಕು. ನೂರು ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲೊರಿ. ಬೆಂದ ಮೇಲೆ ತೂಗಿದರೆ ಗಂಜಿ ಬಸಿದದ್ದು ಎಷ್ಟು, ನೀರು ಉಳಿದದ್ದು ಎಷ್ಟು ಎಂಬ ರಗಳೆಯಲ್ಲಿ ಲೆಕ್ಕ ಕೆಡುತ್ತದೆ.

ಮೊದಲ ವಾರದಲ್ಲೇ ತೂಕ ಒಂದು ಕಿಲೋಗಿಂತ ಹೆಚ್ಚು ಏರಿತು. ಗಾಬರಿಯಿಂದ ಫೋನ್ ಮಾಡಿದರೆ ಆಹಾರ ತಜ್ಞೆ ನಕ್ಕರು. ಖಾಲಿಯಾಗಿದ್ದ ಸ್ನಾಯುಗಳು ಅನ್ನದ ಪಿಷ್ಟವನ್ನು ಗ್ಲೈಕೋಜನ್ ಆಗಿ ತುಂಬಿಕೊಳ್ಳುತ್ತವೆ, ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಜೊತೆಗಿಟ್ಟುಕೊಳ್ಳುತ್ತದೆ, ಏರಿದ್ದು ಅದೇ ಎಂದರು. ಅಲ್ಲಿಂದ ಮುಂದೆ ಒಂದು ದಿನದ ತೂಕಕ್ಕೆ ಬೆಲೆ ಕೊಡುವುದನ್ನು ಬಿಟ್ಟೆ. ದಿನವೂ ತೂಗಿ, ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸುವುದು. ಮುಟ್ಟಿನ ಮುಂಚಿನ ವಾರವನ್ನು ಹಿಂದಿನ ತಿಂಗಳ ಅದೇ ವಾರಕ್ಕೆ ಹೋಲಿಸುವುದು. ಸೊಂಟಕ್ಕೆ ಹದಿನೈದು ದಿನಕ್ಕೊಮ್ಮೆ ಟೇಪು.

ಕ್ಯಾಲೊರಿಗಿಂತ ನನಗೆ ಹೆಚ್ಚು ಕಷ್ಟವಾದದ್ದು ಪ್ರೋಟೀನು. ತೂಕ ಇಳಿಯುವಾಗ ಸ್ನಾಯು ಕರಗದಿರಬೇಕಾದರೆ ದೇಹದ ಪ್ರತಿ ಕಿಲೋಗೆ 1.2 ಗ್ರಾಂ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಬೇಕು, ಜೊತೆಗೆ ಭಾರ ಎತ್ತುವುದನ್ನು ಬಿಡಬಾರದು ಎಂದಿದ್ದರು. ನನಗೆ 85 ಗ್ರಾಂ. ಹಿಂದೆ ತಿನ್ನುತ್ತಿದ್ದುದು ಅದರ ಅರ್ಧವಿದ್ದೀತು. ಕಡಲ ದಂಡೆಯಲ್ಲಿ ಹುಟ್ಟಿದ್ದಕ್ಕೆ ಇಲ್ಲಿ ಉಪಯೋಗವಾಯಿತು. ನೂರು ಗ್ರಾಂ ಬಂಗಡೆಯ ಮಾಂಸದಲ್ಲಿ ಸುಮಾರು 19 ಗ್ರಾಂ ಪ್ರೋಟೀನಿದೆ. ಇಸ್ವಾಣದಷ್ಟು ಬೆಲೆಯೂ ಇಲ್ಲ. ಹಿಂದೆ ಮೀನು ಎಂದರೆ ಅನ್ನಕ್ಕೆ ನೆಂಚಿಕೊಳ್ಳುವ ಒಂದು ತುಂಡು. ಈಗ ಮೀನೇ ಊಟ, ಅನ್ನ ಪಕ್ಕಕ್ಕೆ. ಬುಟ್ಟಿ ಹೊತ್ತು ಬರುವ ಅಕ್ಕ ‘ಮನೆಗೆ ನೆಂಟರು ಬಂದಿದ್ದಾರೆಯೇ’ ಎಂದು ಕೇಳುವಷ್ಟು ಕೊಳ್ಳತೊಡಗಿದೆ. ಸಂಜೆ ಒಂದು ಮುಷ್ಟಿ ಶೇಂಗಾ, ರಾತ್ರಿ ಮೊಳಕೆ ಹೆಸರುಕಾಳಿನ ಪಲ್ಯ, ಮೊಸರು. ಫ್ರಿಜ್ ಮುಂದೆ ನಿಲ್ಲುವ ರಾತ್ರಿಯ ಚಾಳಿ ತಾನಾಗಿ ಹೋಯಿತು. ಅದಕ್ಕಾಗಿ ನಾನು ಯಾವ ಸಂಕಲ್ಪವನ್ನೂ ಮಾಡಿರಲಿಲ್ಲ.

ಇನ್ನು ತೆಂಗಿನಕಾಯಿ. ನೂರು ಗ್ರಾಂ ಹಸಿ ತುರಿಗೆ ಸುಮಾರು 350 ಕ್ಯಾಲೊರಿ. ನಮ್ಮ ಮನೆಯಲ್ಲಿ ನಾಲ್ವರ ಹುಮ್ಮಣಕ್ಕೆ ಕಾಯಿಯ ದೊಡ್ಡ ಕಡಿ ಪೂರ್ತಿ ಬೀಳುತ್ತದೆ. ತೂಗಿದರೆ ನೂರೈವತ್ತು ಗ್ರಾಂ, ಅಂದರೆ ಐನೂರಕ್ಕೂ ಹೆಚ್ಚು ಕ್ಯಾಲೊರಿ. ನನ್ನ ಪಾಲಿಗೆ ನೂರಮೂವತ್ತು. ಇಷ್ಟೇ ಆದರೆ ಬಿಡುವ ಕಾರಣವೇ ಇಲ್ಲ! ಸಂಕಟ ಎಣ್ಣೆಯದ್ದು. ಅದು ಗ್ರಾಮಿಗೆ ಒಂಬತ್ತು ಕ್ಯಾಲೊರಿ. ಪ್ರೋಟೀನು ಮತ್ತು ಪಿಷ್ಟದ್ದು ನಾಲ್ಕೇ. ಅತ್ತೆ ಎಣ್ಣೆಯನ್ನು ಚಮಚದಲ್ಲಿ ಹಾಕುವವರಲ್ಲ, ಬಾಟಲಿ ಬಗ್ಗಿಸುವವರು. ಅವರಿಗೆ ಹೇಳಿ ತಿದ್ದುವ ಧೈರ್ಯ ನನಗಿಲ್ಲ. ಆದ್ದರಿಂದ ಅಡುಗೆಗೆ ಮೊದಲು ಬಾಟಲಿಯನ್ನು ತೂಗಿಟ್ಟು, ಅಡುಗೆಯಾದ ಮೇಲೆ ಮತ್ತೆ ತೂಗಿದೆ. ಎಪ್ಪತ್ತು ಗ್ರಾಂ ಹೋಗಿತ್ತು, ಒಂದು ಹೊತ್ತಿಗೆ! ಅಂಕಿಯನ್ನು ಅವರ ಮುಂದಿಟ್ಟೆ. ಕ್ಯಾಲೊರಿಯ ಮಾತು ಎತ್ತದೆ, ತಿಂಗಳಿಗೆ ಎಷ್ಟು ಲೀಟರ್, ಎಷ್ಟು ರೂಪಾಯಿ ಎಂದು ಮಾತ್ರ ಹೇಳಿದೆ. ಮರುದಿನದಿಂದ ಬಾಟಲಿಗೆ ಚಮಚ ಬಂತು.

ವ್ಯಾಯಾಮದ ಕಡೆಗೂ ಲೆಕ್ಕ ತಪ್ಪಿಸುವ ಒಂದು ವಸ್ತು ಇದೆ, ಕೈಗಡಿಯಾರ. ಒಂದು ಗಂಟೆ ನಡೆದರೆ ನನ್ನದು 400 ಕ್ಯಾಲೊರಿ ಕರಗಿತು ಎನ್ನುತ್ತಿತ್ತು. ನನ್ನ ತೂಕದವರು ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ನಡೆದರೆ ಸುಮ್ಮನೆ ಕುಳಿತಿದ್ದಕ್ಕಿಂತ ಹೆಚ್ಚಿಗೆ ಖರ್ಚಾಗುವುದು ಇನ್ನೂರರೊಳಗೆ. ಅದಲ್ಲದೆ 1,950 ಎಂಬ ಅಂಕಿಯಲ್ಲಿ ನಡಿಗೆ ಆಗಲೇ ಸೇರಿದೆ. ಗಡಿಯಾರ ತೋರಿಸಿದ ನಾನೂರನ್ನು ‘ಗಳಿಸಿದ್ದೇನೆ’ ಎಂದು ಮತ್ತೆ ತಿಂದರೆ ಒಂದೇ ಖರ್ಚನ್ನು ಎರಡು ಪುಟದಲ್ಲಿ ಬರೆದಂತೆ. ಇಂಥದ್ದು ನಮ್ಮ ಸಂಘದಲ್ಲಿ ಆಗಿದ್ದರೆ ಲೆಕ್ಕಪರಿಶೋಧಕರು ಸುಮ್ಮನಿರುತ್ತಿರಲಿಲ್ಲ. ಆದ್ದರಿಂದ ಗಡಿಯಾರದಿಂದ ಹೆಜ್ಜೆಯ ಎಣಿಕೆಯನ್ನು ಮಾತ್ರ ನಂಬುತ್ತೇನೆ.

ನಡಿಗೆಯ ದಾರಿ ಬದಲಾಗಲಿಲ್ಲ: ತೀರದಲ್ಲಿ ಪ್ರದರ್ಶನಕ್ಕಿಟ್ಟಿರುವ ಚಾಪಲ್ ಯುದ್ಧನೌಕೆಯ ಮುಂದಿನಿಂದ ಕಾಳಿ ನದಿಯ ಅಳಿವೆಯ ದಿಕ್ಕಿಗೆ, ನೀರು ಹಿಂದೆ ಸರಿದ ಗಟ್ಟಿ ಮರಳಿನ ಮೇಲೆ. ಬದಲಾದದ್ದು ನಡಿಗೆಯ ನಂತರದ ದಿನ. ಹೊಟ್ಟೆಗೆ ಬಿದ್ದ ಕೆಲವೇ ವಾರಗಳಲ್ಲಿ ಜಿಮ್ಮಿನಲ್ಲಿ ಎತ್ತುವ ಭಾರ ಏರತೊಡಗಿತು, ಕಚೇರಿಯ ಮೆಟ್ಟಿಲನ್ನು ಮತ್ತೆ ಹತ್ತತೊಡಗಿದೆ. ಮುಟ್ಟು ಸರಿಹೋಯಿತು. ಕೂದಲು ಉದುರುವುದು ಮಾತ್ರ ತಕ್ಷಣ ನಿಲ್ಲಲಿಲ್ಲ. ದೇಹಕ್ಕೆ ಪೆಟ್ಟು ಬಿದ್ದ ಎರಡು ಮೂರು ತಿಂಗಳ ನಂತರ ಕೂದಲು ಉದುರುತ್ತದಂತೆ. ನಿಲ್ಲುವುದಕ್ಕೂ ಅದೇ ರೀತಿ ಹೊತ್ತು ಬೇಕು. ಮಾರುವವರು ಈ ನಡುವಿನ ಕಾಲದಲ್ಲೇ ಎಣ್ಣೆ, ಶಾಂಪೂ ಮಾರುತ್ತಾರೆ, ಆಮೇಲೆ ನಿಂತದ್ದರ ಕೀರ್ತಿಯನ್ನೂ ಪಡೆಯುತ್ತಾರೆ.

ಎಲ್ಲವೂ ಹದಕ್ಕೆ ಬಂತು ಎನ್ನುವಾಗ ಜೂನ್ ಬಂತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೈತಖೋಲ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತವು, ಬಂಗಡೆಯ ಬೆಲೆ ಕೇಳಿ ಬುಟ್ಟಿಯ ಅಕ್ಕನಿಗೆ ಕೈಮುಗಿದೆ. ಆಗಸ್ಟ್‌ನಲ್ಲಿ ದೋಣಿ ಇಳಿಯುವ ಹೊತ್ತಿಗೆ ಶ್ರಾವಣ. ಅತ್ತೆ ಮನೆಯೊಳಗೆ ಮೀನು ತರಲು ಬಿಡುವುದಿಲ್ಲ. ಶ್ರಾವಣ ಮುಗಿಯಿತೆಂದರೆ ಚೌತಿ. ಅಂದರೆ ಸರ್ಕಾರ ಮತ್ತು ಪಂಚಾಂಗ ಸೇರಿ ನನ್ನ ಪ್ರೋಟೀನನ್ನು ಮೂರು ತಿಂಗಳಿಗೂ ಹೆಚ್ಚು ಕಾಲ ತಡೆಹಿಡಿದಿದ್ದವು. ಒಣ ಸೀಗಡಿ ಹುರಿದು ಚಟ್ನಿ ಮಾಡಿದರೆ ರುಚಿಗೆ ಸಾಟಿಯಿಲ್ಲ, ಆದರೆ ಉಪ್ಪುಮೀನು ತಿಂದ ಮರುದಿನ ನೀರು ತುಂಬಿಕೊಂಡು ತಕ್ಕಡಿ ಮೇಲೇಳುತ್ತದೆ. ಜೂನ್, ಜುಲೈಯನ್ನು ಮೊಟ್ಟೆಯಿಂದ ದಾಟಿದೆ. ಶ್ರಾವಣವನ್ನು ಕಡಲೆ, ಹೆಸರು, ಪನೀರು, ಹಾಲಿನಿಂದ. 85ಕ್ಕೆ ಬದಲು 70 ಗ್ರಾಂ ಸಿಕ್ಕ ದಿನಗಳೇ ಹೆಚ್ಚು. ಸುರಿಯುವ ಮಳೆಯಲ್ಲಿ ಕಡಲತೀರದ ಮಾತೇ ಇಲ್ಲವಾದ್ದರಿಂದ ಮನೆಯ ಪಡಸಾಲೆಯಲ್ಲಿ ಐದು ಲೀಟರಿನ ನೀರಿನ ಕ್ಯಾನು ಎರಡು ಹಿಡಿದು ಬಸ್ಕಿ ಹೊಡೆದೆ. ಆ ತಿಂಗಳುಗಳಲ್ಲಿ ತೂಕ ಇಳಿಯಲಿಲ್ಲ, ಏರಲೂ ಇಲ್ಲ. ಚೌತಿಯ ಮೋದಕ, ಪಂಚಕಜ್ಜಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಆಹಾರ ತಜ್ಞೆಯೇ ಹೇಳಿದ್ದರು.

ದೀಪಾವಳಿಯ ನಂತರ ಇಳಿತ ಮತ್ತೆ ಶುರುವಾಗಿ, ಮುಂದಿನ ಬೇಸಿಗೆಗೆ 64ಕ್ಕೆ ನಿಂತಿದ್ದೇನೆ. ಎಚ್‌ಬಿಎ1ಸಿ 5.5, ಹಿಮೋಗ್ಲೋಬಿನ್ 12 ದಾಟಿದೆ. ಈಗಿನ ತೂಕಕ್ಕೆ ದಿನದ ಖರ್ಚು 1,880ರಷ್ಟಿದೆ. ಸದ್ಯಕ್ಕೆ ಅಷ್ಟನ್ನೂ ತಿನ್ನುತ್ತಿದ್ದೇನೆ, ಇಳಿಸುವುದಕ್ಕೆ ಕೆಲವು ತಿಂಗಳು ರಜೆ. ‘ಮೊದಲೇ ಚೆನ್ನಾಗಿ ಸಣ್ಣಗಿದ್ದಿರಿ’ ಎಂದು ಒಬ್ಬ ಸದಸ್ಯರು ಮೊನ್ನೆ ಹೇಳಿದರು. ಆಗ ಇದ್ದದ್ದಕ್ಕಿಂತ ಐದು ಕಿಲೋ ಕಡಿಮೆ ಇದ್ದೇನೆ. ಮುಖದಲ್ಲಿ ರಕ್ತ ಇರುವುದರಿಂದ ಅವರಿಗೆ ದಪ್ಪ ಕಂಡಿರಬೇಕು.

ನನ್ನ ಅಂಕಿಗಳನ್ನು ಹಾಗೆಯೇ ಎತ್ತಿಕೊಂಡರೆ ಬೇರೆಯವರಿಗೆ ಆಗಿಬರುವುದಿಲ್ಲ. ಕಾಲೇಜಿನ ಗೆಳತಿಯೊಬ್ಬಳು ಶಿರಸಿಯ ಹತ್ತಿರದ ಹಳ್ಳಿಯಲ್ಲಿದ್ದಾಳೆ, ಅಡಿಕೆ ತೋಟದ ಮನೆ. ‘ನಿನ್ನ ಚಾರ್ಟು ಕಳಿಸು ಮಾರಾಯ್ತಿ’ ಎಂದಳು. ಅವಳು ಮೀನು, ಮೊಟ್ಟೆ ಮುಟ್ಟುವವಳಲ್ಲ. ತಂಬುಳಿ, ಅಪ್ಪೆಹುಳಿ, ಮಜ್ಜಿಗೆಹುಳಿಗಳಲ್ಲಿ ಪ್ರೋಟೀನು ಹುಡುಕಿದರೆ ಸಿಗುವುದು ಅಷ್ಟಕ್ಕಷ್ಟೇ. ಆದರೆ ಅವಳು ದಿನವೂ ಗುಡ್ಡ ಹತ್ತಿಳಿದು, ಕೊಟ್ಟಿಗೆಯ ಕೆಲಸ ಮುಗಿಸಿ, ಸೊಪ್ಪು ಹೊರುತ್ತಾಳೆ. ನನ್ನ ಜಿಮ್ಮಿನ ಮೂರು ದಿನ ಅವಳ ಒಂದು ಬೆಳಗಿಗೆ ಸಮವಲ್ಲ. ಅವಳಿಗೆ 1,600 ಎಂದರೆ ಉಪವಾಸ. ತೂಕ ಕೇಳಿ, ಸೂತ್ರ ಹಾಕಿ, 1,900ರಿಂದ ಶುರುಮಾಡು, ಮನೆಯದೇ ಹಾಲು ಎರಡು ಲೋಟ ಕುಡಿ, ತಂಬುಳಿಯ ಜೊತೆಗೆ ದಿನವೂ ದಪ್ಪನೆಯ ಹೆಸರುಬೇಳೆಯ ತೊವ್ವೆ ಇರಲಿ, ದೋಸೆ ಹಿಟ್ಟಿಗೆ ಉದ್ದು ಹೆಚ್ಚಿಸು ಎಂದು ಬರೆದೆ. ಒಪ್ಪಿದಳು. ಹಲಸಿನ ಹಪ್ಪಳ ಮಾತ್ರ ಬಿಡುವುದಿಲ್ಲವಂತೆ. ಕರಿಯುವ ಬದಲು ಕೆಂಡದಲ್ಲಿ ಸುಟ್ಟರೆ ಎಷ್ಟಾಗುತ್ತದೆ ಎಂದು ಕೇಳಿದ್ದಾಳೆ. ಅವಳ ಮನೆಯ ಹಪ್ಪಳ ಒಂದನ್ನು ತೂಗಿ ನೋಡದೆ ಹೇಳಲಾರೆ, ಒಂದು ಕಟ್ಟು ಕಳಿಸು ಎಂದಿದ್ದೇನೆ.